ಹಪ್ಪಳ ಹಾರಿಹೋದ ಬೆಳಗು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಹಪ್ಪಳ ಹಾರುತ್ತಿತ್ತು. ನಗಬೇಡಿ, ನಿಜವಾಗಿಯೂ ಹಾರುತ್ತಿತ್ತು. ಪರದೆಯ ಸರಳಿನ ತುದಿಗೆ ಹತ್ತಿ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ದೂರ ಅಳೆದು, ನಾಲ್ಕೂ ಕಾಲು ಚಾಚಿ ಗಾಳಿಗೆ ಬೀಳುತ್ತಿತ್ತು. ಮುಂಗಾಲಿನಿಂದ ಹಿಂಗಾಲಿನವರೆಗೆ ಮಡಚಿಟ್ಟಿದ್ದ ತೊಗಲು ಬಿಚ್ಚಿಕೊಂಡು, ಅಂಗೈಯಗಲದ ಒಂದು ಚೌಕವಾಗಿ ಕೋಣೆಯನ್ನು ದಾಟಿ ಬಂದು ನನ್ನ ಎದೆಗೆ ಟಪ್ಪೆಂದು ಅಂಟಿಕೊಳ್ಳುತ್ತಿತ್ತು. ಅದೊಂದು ಹಾರುವ ಅಳಿಲು. ಮೊದಲ ಸಲ ಅದು ಹಾಗೆ ಚಪ್ಪಟೆಯಾದದ್ದನ್ನು ನೋಡಿ ಹಪ್ಪಳ ಎಂದು ಹೆಸರಿಟ್ಟವಳು ಅಕ್ಕ. ಕರಿದ ಹಪ್ಪಳವೋ ಸುಟ್ಟ ಹಪ್ಪಳವೋ ಎಂದು ಅಜ್ಜಿ ಕೇಳಿದ್ದರು.

ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಎದುರಿಗೆ ಯಾರಾದರೂ ಬಂದರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ ವರ್ಷ ಅದು. ನಾವಿದ್ದದ್ದು ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ. ಶಾಲೆ ಲ್ಯಾಪ್‌ಟಾಪಿನೊಳಗೆ ಬಂದು ಕೂತಿತ್ತು. ಸೇತುವೆಗಳ ನಕ್ಷೆ ಪರಿಶೀಲಿಸುವುದು ಅಪ್ಪನ ಕೆಲಸ, ಆ ಕೆಲಸವೂ ಮನೆಯ ಮುಂದಿನ ಸಣ್ಣ ಕೋಣೆಯೊಳಗೆ ಬಂದು ಕೂತಿತ್ತು. ಅಮ್ಮನ ಅಮ್ಮ, ಅಂದರೆ ಅಜ್ಜಿ, ಕೆಲವು ತಿಂಗಳು ಇದ್ದು ಹೋಗಲೆಂದು ಬಂದವರು ವಿಮಾನಗಳು ನಿಂತದ್ದರಿಂದ ನಮ್ಮ ಜೊತೆಯೇ ಉಳಿದಿದ್ದರು. ಎಲ್ಲರೂ ಒಳಗೆ. ನನಗಂತೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಸೋಫಾದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹಿತ್ತಲ ಕಡೆಯ ಮರದ ಜಗಲಿಯಾದ ಡೆಕ್‌ಗೆ, ಡೆಕ್‌ನಿಂದ ಮತ್ತೆ ಸೋಫಾಕ್ಕೆ. ಹಪ್ಪಳ ಮನೆಗೆ ಬಂದದ್ದು ನನ್ನನ್ನು ಒಂದು ಕಡೆ ಕೂರಿಸಲಿಕ್ಕೆ ಎಂದು ಅಮ್ಮ ಹೇಳುತ್ತಿದ್ದಳು. ಅಕ್ಕ ಹಟ ಮಾಡಿದ್ದಕ್ಕೆ ಬಂತು ಎಂದು ನನಗೆ ನೆನಪು. ಎರಡೂ ಇರಬಹುದು.

ಅದನ್ನು ಸಾಕಿ ಕೊಡುವ ಹೆಂಗಸೊಬ್ಬರು ಒಂದು ಗ್ಯಾಸ್ ಸ್ಟೇಷನ್ನಿನ ಬಳಿ ಕಾರಿನ ಕಿಟಕಿಯಿಂದಲೇ ನಮಗೆ ಪೆಟ್ಟಿಗೆ ದಾಟಿಸಿದ್ದರು. ಅವರು ಹೇಳಿದ್ದು ಇಷ್ಟು. ಇದು ನಿನ್ನ ಮುಖ ನೋಡಿ ನಿನ್ನನ್ನು ಗುರುತಿಸುವುದಿಲ್ಲ, ನಿನ್ನ ವಾಸನೆಯಿಂದ ಗುರುತಿಸುತ್ತದೆ. ನೀನು ಹಾಕಿ ಬಿಟ್ಟ ಬಟ್ಟೆಯಲ್ಲಿ ಒಂದು ಚೀಲ ಮಾಡಿಸು. ಒಗೆಯಬೇಡ. ಹಗಲೆಲ್ಲ ಅದು ಆ ಚೀಲದಲ್ಲಿ ನಿನ್ನ ಮೈಗೆ ಒತ್ತಿಕೊಂಡು ಮಲಗಲಿ.

ಅಮ್ಮ ನನ್ನ ಹಳೆಯ ಟೀ ಶರ್ಟಿನಲ್ಲಿ ಚೀಲ ಹೊಲಿದಳು. ಬಂದ ಹೊಸತರಲ್ಲಿ ಹಪ್ಪಳ ನನ್ನ ಬೆರಳು ಕಚ್ಚಿತು, ಚೀಲದಲ್ಲಿ ಉಚ್ಚೆ ಹೊಯ್ದಿತು, ನನ್ನ ಕೈ ಕಂಡರೆ ಹಕ್ಕಿಯ ಹಾಗೆ ಚೀರಿತು. ಆಮೇಲೆ ಒಂದು ದಿನ ಚೀರಲಿಲ್ಲ. ಯಾವ ದಿನ ಎಂದು ಹೇಳಲಾರೆ. ಬೆಳಿಗ್ಗೆ ಅದು ಮಲಗುವ ಹೊತ್ತಿಗೆ ನಾನು ಅಂಗಿಯ ಕುತ್ತಿಗೆ ಎಳೆದು ಹಿಡಿಯುತ್ತಿದ್ದೆ, ಅದು ಕುತ್ತಿಗೆಯ ಬಳಿ ಇಳಿದು ಚೀಲಕ್ಕೆ ಜಾರುತ್ತಿತ್ತು. ಎದೆಯ ಮೇಲೆ ಬಿಸಿಯಾದ ಒಂದು ನಿಂಬೆಹಣ್ಣು ಇಟ್ಟ ಹಾಗೆ. ಸಂಜೆ ಎಚ್ಚರವಾದರೆ ಪೆಕಾನ್ ಬೀಜಗಳನ್ನು ನನ್ನ ಜೇಬಿನಲ್ಲಿ, ಕೂದಲಲ್ಲಿ, ಒಮ್ಮೆ ಕಿವಿಯಲ್ಲಿ ಬಚ್ಚಿಡಲು ನೋಡುತ್ತಿತ್ತು. ಗುರುತಿನವರ ಮೇಲೆ ಮಾತ್ರ ತನ್ನ ಕೆನ್ನೆ ಉಜ್ಜುತ್ತಿತ್ತು. ಖುಷಿಯಾದಾಗ 'ಚುಕ್ ಚುಕ್' ಎಂದು ಗಂಟಲಲ್ಲೇ ಸದ್ದು. ಹೆದರಿದರೆ ಸೂಜಿಯಂಥ 'ಟ್ಸೀ'. ಅದು ಆಡುವುದರಲ್ಲಿ ಎಷ್ಟೋ ಸದ್ದು ಮನುಷ್ಯರ ಕಿವಿಗೆ ಕೇಳಿಸುವುದೇ ಇಲ್ಲ ಎಂದು ಅಕ್ಕ ಎಲ್ಲೋ ಓದಿ ಹೇಳಿದಳು.

"ಕೇಳಿಸದೇ ಇರೋ ಹಾಗೆ ಮಾತಾಡಿ ಏನು ಪ್ರಯೋಜನ?" ಎಂದರು ಅಜ್ಜಿ.

"ಅಜ್ಜಿ, ಅದು ನಮ್ಮತ್ರ ಮಾತಾಡ್ತಿದೆ ಅಂತ ಯಾರ್ ಹೇಳಿದ್ದು?" ಎಂದಳು ಅಕ್ಕ.

ನನ್ನತ್ರ ಮಾತಾಡುತ್ತದೆ ಎಂದು ನನಗೆ ಗೊತ್ತಿತ್ತು. ಹಪ್ಪಳ ನನ್ನದು. ಆ ವರ್ಷ ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ. ಗೆಳೆಯರು ಪರದೆಯ ಮೇಲಿನ ಚೌಕಗಳಾಗಿದ್ದರು. ಆದರೆ ಆನ್‌ಲೈನ್ ಕ್ಲಾಸಿನಲ್ಲಿ ನಾನು ಅಂಗಿಯೊಳಗೇ ಇಣುಕುತ್ತೇನೆ ಎಂದು ಟೀಚರ್ ದೂರಿದ್ದರಿಂದ ಅಮ್ಮ ಒಂದು ಕಟ್ಟಳೆ ಮಾಡಿದ್ದಳು. ಕ್ಲಾಸ್ ಇರುವಷ್ಟು ಹೊತ್ತು ಹಪ್ಪಳದ ಚೀಲ ಹಜಾರದ ಕೊಕ್ಕೆಗೆ ನೇತಾಡಬೇಕು. ಊಟದ ಹೊತ್ತಿಗೆ ಓಡಿ ಬಂದು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಚೀಲ ಯಾವಾಗಲೂ ಬೆಚ್ಚಗೇ ಇರುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಆ ಬೇಸಿಗೆಯಲ್ಲಿ ಮೈಸೂರಿನಲ್ಲಿ ನಮ್ಮ ತಾತ, ಅಪ್ಪನ ಅಪ್ಪ, ತೀರಿಕೊಂಡಿದ್ದರು. ಅಪ್ಪನಿಗೆ ಹೋಗಲಾಗಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿದರು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು. ಆಮೇಲೆ ಮುಂದಿನ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಗಡ್ಡ ಬಂತು. ಮಾತು ಕಡಿಮೆಯಾಯಿತು. ಅದೇ ಬೂದು ಬಣ್ಣದ ಸ್ವೆಟ್‌ಶರ್ಟು ದಿನವೂ. ನಾನು ಹೋಗಿ ಬಾಗಿಲು ತಟ್ಟಿದರೆ "ಕಾಲ್‌ನಲ್ಲಿದೀನಿ ಪುಟ್ಟ" ಎಂಬ ದನಿ ಮಾತ್ರ ಬರುತ್ತಿತ್ತು.

ತಂದೆ ಹೋದ ವರ್ಷ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ಹಾಗಾಗಿ ದೀಪಾವಳಿಗೆ ದೀಪದ ಸಾಲಿಲ್ಲ, ಹೊಸ ಬಟ್ಟೆ ಇಲ್ಲ. ಆದರೆ ನರಕ ಚತುರ್ದಶಿಯ ಬೆಳಿಗ್ಗೆ ಮಕ್ಕಳ ತಲೆಗೆ ಎಣ್ಣೆ ಬೀಳದಿರುವುದನ್ನು ಅಜ್ಜಿ ಒಪ್ಪಲಿಲ್ಲ. "ಅವರಪ್ಪ ಎಣ್ಣೆ ಹಚ್ಕೊಳ್ಳೋ ಹಾಗಿಲ್ಲ, ಸರಿ. ಮಕ್ಕಳೇನು ಮಾಡಿದ್ವು?" ಎಂದು ಅಮ್ಮನ ಜೊತೆ ವಾದ ಮಾಡಿ ಗೆದ್ದಿದ್ದರು.

ಇನ್ನೂ ಕತ್ತಲಿತ್ತು, ಬೆಳಗಾಗುವುದರಲ್ಲಿತ್ತು. ಬಚ್ಚಲಿನಲ್ಲಿ ಟಬ್ಬಿನ ಅಂಚಿನ ಮೇಲೆ ನನ್ನನ್ನು ಕೂರಿಸಿ ಅಜ್ಜಿ ಬಿಸಿ ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿದರು. ಎಣ್ಣೆ ಕಿವಿಯ ಹಿಂದೆ ಇಳಿಯಿತು, ಬೆನ್ನಿನ ಮೇಲೆ ಇಳಿಯಿತು. ಆಮೇಲೆ ಸೀಗೆಪುಡಿ. ಕಣ್ಣಿಗೆ ಹೋಗಿ ಉರಿಯಿತು. ನಾನು ಕುಣಿದೆ.

"ನಿಂತ್ಕೊಳೋ ಕೋತಿ. ಮೈಯಲ್ಲಿ ಪಾದರಸ ಇದ್ಯಾ?"

"ಅಜ್ಜಿ, ಐ ಕಾಂಟ್ ಸೀ."

"ಕಾಣೋದೇನಿದೆ ಇಲ್ಲಿ? ಕಣ್ಮುಚ್ಚು."

ಕೈಗೆ ಕಡಲೆಹಿಟ್ಟು, ಕಾಲಿಗೆ ಕಡಲೆಹಿಟ್ಟು, ತಲೆಗೆ ಚೊಂಬಿನಿಂದ ಬಿಸಿನೀರು. ಉಜ್ಜಿ ಉಜ್ಜಿ ನನ್ನ ಮೈಯಿಂದ ನನ್ನನ್ನೇ ತೆಗೆದುಹಾಕಿದರು. ಆಗ ನನಗೆ ಹಾಗೆ ಅನ್ನಿಸಿರಲಿಕ್ಕಿಲ್ಲ, ಈಗ ಅನ್ನಿಸುತ್ತಿದೆ. ಆಗ ಅನ್ನಿಸಿದ್ದು ಬರೀ ಚಳಿ.

ಒರೆಸಿಕೊಂಡು ಒಗೆದ ಬಟ್ಟೆ ಹಾಕಿಕೊಂಡು ಕೋಣೆಗೆ ಓಡಿದೆ. ಅದು ಹಪ್ಪಳ ಮಲಗುವ ಹೊತ್ತು. ಪಂಜರದ ಬಾಗಿಲು ತೆಗೆದು, ಚೀಲವನ್ನು ಹುಡುಕದೆಯೇ ಅಂಗಿಯ ಕುತ್ತಿಗೆ ಎಳೆದು ಹಿಡಿದೆ. ಹಪ್ಪಳ ಎಂದಿನಂತೆ ಬಾಗಿಲಿಗೆ ಬಂತು. ನಿಂತಿತು. ಮೀಸೆ ಅಲುಗಾಡಿದವು. ಅದರ ಕಪ್ಪು ಕಣ್ಣುಗಳಲ್ಲಿ ನಾನಿದ್ದೆ, ಪುಟ್ಟದಾಗಿ, ತಲೆಕೂದಲು ಅಂಟಿಕೊಂಡು. ಅದು ನನ್ನನ್ನು ನೋಡುತ್ತಲೇ 'ಟ್ಸೀ' ಎಂದು ಚೀರಿತು. ನನ್ನ ಕೈ, ಹೆಗಲು, ತಲೆ ಎಲ್ಲವನ್ನೂ ಮರದ ಕೊಂಬೆಗಳೆಂಬಂತೆ ತುಳಿದು ಹಜಾರಕ್ಕೆ ನೆಗೆದು ಓಡಿತು.

ಕೋಣೆಯ ಬಾಗಿಲು ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅಮ್ಮ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಒಣಮೆಣಸಿನಕಾಯಿ ಸೀದು ಘಾಟು ಎದ್ದಿತು. ನಮ್ಮಂಥವರ ಮನೆಗಳಲ್ಲಿ ಆಗಾಗ ಆಗುವುದೇ ಆಯಿತು: ಸ್ಮೋಕ್ ಅಲಾರಂ ಕೂಗಿಕೊಂಡಿತು. ಅಮ್ಮ ಎಂದಿನ ಅಭ್ಯಾಸದಂತೆ ಒಂದು ಕೈಯಲ್ಲಿ ಟವೆಲ್ ಬೀಸುತ್ತ ಇನ್ನೊಂದು ಕೈಯಲ್ಲಿ ಡೆಕ್‌ನ ಗಾಜಿನ ಬಾಗಿಲನ್ನು ಪೂರ್ತಿ ಸರಿಸಿದಳು. ಅಷ್ಟರಲ್ಲಿ ಅಡುಗೆಮನೆಯ ಫ್ರಿಜ್ಜಿನ ನೆತ್ತಿ ಹತ್ತಿದ್ದ ಹಪ್ಪಳಕ್ಕೆ ಆ ಕೂಗು, ಆ ಬೀಸುವ ಟವೆಲ್, ಆ ತಣ್ಣನೆಯ ಗಾಳಿ ಎಲ್ಲ ಒಟ್ಟಿಗೆ ತಾಗಿರಬೇಕು. ಅದು ತಲೆ ತೂಗಿ ದೂರ ಅಳೆಯಲೂ ಇಲ್ಲ. ಅಮ್ಮನ ತಲೆಯ ಮೇಲಿಂದ ಚಪ್ಪಟೆಯಾಗಿ ತೇಲಿ ಹೊರಗೆ ಹೋಯಿತು.

ನಾವು ಡೆಕ್‌ಗೆ ಓಡಿದೆವು. ಹಿತ್ತಲಿನಾಚೆ ಎತ್ತರದ ಪೈನ್ ಮರಗಳು, ಅವುಗಳ ಮುಂದೆ ಒಂದು ಓಕ್ ಮರ. ಬೂದು ಬೆಳಕಿನಲ್ಲಿ ಓಕ್‌ನ ಕಾಂಡದ ಮೇಲೆ ಒಂದು ಬೂದು ಗಂಟು. ಅದೇ ಹಪ್ಪಳ. ದೂರದಲ್ಲಿ ಗೂಬೆಯೊಂದು ಇನ್ನೂ ಕೂಗುತ್ತಿತ್ತು. ಬೆಳಕಾದರೆ ಗಿಡುಗಗಳು ಬರುತ್ತವೆ. ಕೈಯಲ್ಲಿ ತಿನ್ನಿಸಿ ಬೆಳೆಸಿದ ಪ್ರಾಣಿಗೆ ಗೂಬೆ ಅಂದರೇನು ಎಂದು ಯಾರು ಹೇಳಿಕೊಟ್ಟಿದ್ದರು?

ನಾನು ಅಂಗೈಯಲ್ಲಿ ಪೆಕಾನ್ ಇಟ್ಟುಕೊಂಡು, ನಾಲಿಗೆಯಿಂದ ನಾವಿಬ್ಬರೂ ಬಲ್ಲ ಸದ್ದು ಮಾಡುತ್ತ ಹುಲ್ಲಿನ ಮೇಲೆ ಬರಿಗಾಲಲ್ಲಿ ಹೋದೆ. ಹಪ್ಪಳ ಕಿವಿ ನಿಮಿರಿಸಿತು. ತಲೆಕೆಳಗಾಗಿ ಸ್ವಲ್ಪ ಇಳಿದು ಬಂತು. ಇನ್ನೊಂದು ಮಾರು ಇಳಿದಿದ್ದರೆ ಕೈಗೆ ಸಿಗುತ್ತಿತ್ತು. ಗಾಳಿ ನನ್ನ ಕಡೆಯಿಂದ ಅದರ ಕಡೆಗೆ ಬೀಸಿತು. ಅದು ಸೀನಿತು. ತಿರುಗಿ ಮೊದಲಿಗಿಂತ ಮೇಲೆ ಹತ್ತಿತು.

"ಹಪ್ಪಳ, ನಾನು ಕಣೋ. ಇಟ್ಸ್ ಮೀ."

ದನಿ ನನ್ನದೇ, ವಾಸನೆ ಬೇರೆ ಯಾರದೋ. ನಾನು ಮುಂದೆ ಹೋದಷ್ಟೂ ಅದು ಮೇಲೆ ಹೋಯಿತು. ಆಗ ಅಕ್ಕ ನನ್ನ ತಲೆ ಮೂಸಿ ನೋಡಿದಳು.

"ಓ ಗಾಡ್. ನೀನು ನಿನ್ ಥರ ಸ್ಮೆಲ್ ಆಗ್ತಾ ಇಲ್ಲ ಕಣೋ. ಯು ಸ್ಮೆಲ್ ಲೈಕ್ ಅಜ್ಜಿ."

"ನನ್ನ ವಾಸನೆಗೇನಾಗಿದೆ?" ಎಂದರು ಅಜ್ಜಿ ಡೆಕ್ ಮೇಲಿಂದ.

"ಅವನ ಹಳೇ ಬಟ್ಟೆ ಕೊಡಿ ಅಜ್ಜಿ. ಯಾವುದಾದ್ರೂ. ಗಲೀಜು ಇರೋದು. ಆ ಚೀಲ ಎಲ್ಲಿ?"

ಅಜ್ಜಿ ಮನೆಯೊಳಗಿನ ಕಡೆಗೆ ತಿರುಗಿ ನೋಡಿದರು. ಒಳಗಿನಿಂದ ವಾಷಿಂಗ್ ಮಷೀನ್ ಗುಡುಗುಡು ಎನ್ನುತ್ತಿತ್ತು. ಎಣ್ಣೆನೀರು ಹಾಕಿಕೊಂಡ ದಿನ ಮಾಸಿದ ಬಟ್ಟೆ ಮನೆಯಲ್ಲಿ ಉಳಿಯಬಾರದೆಂದು ಅವರು ನನ್ನ ಬಟ್ಟೆ, ಹೊದಿಕೆ, ದಿಂಬಿನ ಚೀಲ, ಪಂಜರಕ್ಕೆ ಸಿಕ್ಕಿಸಿದ್ದ ಹಪ್ಪಳದ ಚೀಲ ಎಲ್ಲವನ್ನೂ ಬಾಚಿ ಅದರೊಳಗೆ ಹಾಕಿದ್ದರು. ಅಕ್ಕ ಓಡಿಹೋಗಿ ಗುಂಡಿಗಳನ್ನೆಲ್ಲ ಒತ್ತಿದಳು. ಬಾಗಿಲು ಬಿಚ್ಚಿಕೊಳ್ಳಲಿಲ್ಲ. ಗಾಜಿನ ಹಿಂದೆ ನೊರೆಯಲ್ಲಿ ನನ್ನ ಟೀ ಶರ್ಟಿನ ಚೀಲ ಸುತ್ತುತ್ತಿತ್ತು. ಅದನ್ನು ನಾನು ನೋಡಿದೆನೋ, ಅಕ್ಕ ಆಮೇಲೆ ಹೇಳಿದ್ದನ್ನು ನೋಡಿದ್ದೇನೆಂದು ಅಂದುಕೊಂಡಿದ್ದೇನೋ. ನಾನು ಮರದ ಕೆಳಗೇ ಇದ್ದೆನಲ್ಲ.

"ಎಣ್ಣೆ ಹಚ್ಚಿದ್ರೆ ಮನುಷ್ಯ ಬೇರೆಯವನಾಗಿಬಿಡ್ತಾನೇನೆ?" ಎಂದು ಅಜ್ಜಿ ಅಮ್ಮನನ್ನು ಕೇಳುತ್ತಿದ್ದರು. ದನಿ ಸಣ್ಣದಾಗಿತ್ತು.

ನಾನು ಅಳಲಿಲ್ಲ. ಅಳುವುದಕ್ಕೂ ಒಂದು ಕಡೆ ನಿಲ್ಲಬೇಕು. ಮರದ ಸುತ್ತ ಸುತ್ತುತ್ತಿದ್ದೆ, ಹುಲ್ಲಿನಲ್ಲಿ ತಲೆ ಉಜ್ಜಿದೆ, ಮಣ್ಣನ್ನು ಕೈಗೆ ತಿಕ್ಕಿಕೊಂಡೆ. ಸೀಗೆಯ ವಾಸನೆ ಹೋಗಲಿಲ್ಲ. ಮೇಲೆ ಪೈನ್ ಮರಗಳ ತುದಿ ಕೆಂಪಾಗತೊಡಗಿತು. ಹಪ್ಪಳ ಓಕ್‌ನಿಂದ ಪೈನ್‌ನ ಕಡೆಗೆ ತಿರುಗಿ ಕೂತು ತಲೆ ತೂಗಲು ಶುರು ಮಾಡಿತು. ಎಡಕ್ಕೆ, ಬಲಕ್ಕೆ. ಆ ಕಾಡಿನೊಳಕ್ಕೆ ಹಾರಿದರೆ ಮುಗಿಯಿತು.

ಆಗ ಮುಂದಿನ ಕೋಣೆಯ ಬಾಗಿಲು ತೆರೆದುಕೊಂಡಿತು. ಅಲಾರಂ ಕೂಗಿಗೋ, ಅಕ್ಕನ ಕೂಗಿಗೋ ಅಪ್ಪ ಎದ್ದು ಬಂದಿದ್ದರು. ಅದೇ ಬೂದು ಸ್ವೆಟ್‌ಶರ್ಟು, ಗಡ್ಡ, ಕಾಲಲ್ಲಿ ಒಂದಕ್ಕೊಂದು ಜೊತೆಯಲ್ಲದ ಚಪ್ಪಲಿಗಳು. ಡೆಕ್‌ನ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ನಿಂತು ಮೇಲೆ ನೋಡಿದರು. ಸ್ವೆಟ್‌ಶರ್ಟಿನ ಕುತ್ತಿಗೆಯನ್ನು ಒಂದು ಬೆರಳಿನಿಂದ ಎಳೆದು ಹಿಡಿದರು. ತುಟಿ ಒಳಗೆಳೆದು ಒಂದು ಸದ್ದು ಮಾಡಿದರು, ಅದನ್ನು ನಾನು ಎಂದೂ ಕೇಳಿರಲಿಲ್ಲ. ಉಸಿರಿಗಿಂತ ಸ್ವಲ್ಪ ಹೆಚ್ಚು, ಮಾತಿಗಿಂತ ಬಹಳ ಕಡಿಮೆ.

ಹಪ್ಪಳದ ತಲೆ ಈ ಕಡೆ ತಿರುಗಿತು. ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಬಿಚ್ಚಿಕೊಂಡಿತು. ನನ್ನ ತಲೆಯ ಮೇಲೆಯೇ ಹಾದು, ಅಪ್ಪನ ಎದೆಗೆ ಟಪ್ಪೆಂದು ಅಂಟಿತು. ಹುಡುಕಾಡಲಿಲ್ಲ. ಮನೆಯ ಬಾಗಿಲು ಗೊತ್ತಿದ್ದವರ ಹಾಗೆ ಸೀದಾ ಕುತ್ತಿಗೆಯ ಬಳಿ ಇಳಿದು ಒಳಗೆ ಹೋಗಿ, ಎಡಗಡೆ, ಕಂಕುಳ ಹತ್ತಿರ ಒಂದು ಉಬ್ಬಾಗಿ ಕೂತಿತು.

ಮೊದಲು ಬಾಯಿ ಬಂದದ್ದು ಅಜ್ಜಿಗೆ.

"ಏನಪ್ಪಾ, ಇದು ನಿಮಗೆ ಯಾವಾಗ ಗಂಟುಬಿತ್ತು?"

ಅಪ್ಪ ನೆಲ ನೋಡಿದರು. "ಕ್ಲಾಸ್ ಟೈಮಲ್ಲಿ ಕೊಕ್ಕೆಗೆ ಹಾಕಿರ್ತಿದ್ರಲ್ಲ. ಪಾಪ, ಅಲ್ಲಿ ಎ.ಸಿ. ಗಾಳಿ ಹೊಡೆಯುತ್ತೆ. ಅದಕ್ಕೆ ಒಳಗೆ ಕರ್ಕೊಂಡ್ ಹೋಗ್ತಿದ್ದೆ. ಊಟಕ್ಕೆ ಮುಂಚೆ ವಾಪಸ್ ಹಾಕ್ತಿದ್ದೆ."

"ದಿನಾನಾ?" ಎಂದಳು ಅಮ್ಮ.

"ಮ್."

"ಯು ಸ್ಟೋಲ್ ಹಿಸ್ ಸ್ಕ್ವಿರಲ್?" ಎಂದಳು ಅಕ್ಕ. ಅವಳಿಗೆ ನಗು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ.

"ಅಪ್ಪ, ಅದು ನಂದು."

"ನಿಂದೇ ಪುಟ್ಟ. ತಗೋ." ಅಪ್ಪ ಅಂಗಿಯೊಳಗೆ ಕೈ ಹಾಕಿದರು. ಉಬ್ಬು ಬೆನ್ನಿನ ಕಡೆಗೆ ಓಡಿತು. ಮತ್ತೆ ಹಾಕಿದರು, ಅದು ಇನ್ನೊಂದು ಕಂಕುಳಿಗೆ ಹೋಯಿತು. ಅಪ್ಪನಿಗೆ ಕಚಗುಳಿಯಾಗಿ ಮೈ ತಿರುಚಿದರು. ಹಪ್ಪಳ ಬದುಕಿತ್ತು, ಮನೆಗೆ ಬಂದಿತ್ತು. ನನಗೆ ಸಂತೋಷವಾಗಬೇಕಿತ್ತು. ಆದರೆ ಗೂಬೆ ಹಿಡಿದುಕೊಂಡು ಹೋಗಿದ್ದರೆ ಅದು ಕೊನೆಯವರೆಗೂ ನನ್ನದಾಗಿಯೇ ಇರುತ್ತಿತ್ತಲ್ಲ ಎಂಬಂಥ ಕೆಟ್ಟ ಯೋಚನೆಯೊಂದು ಒಂದು ಗಳಿಗೆ ಬಂತು. ಮಕ್ಕಳಿಗೆ ಅಂಥ ಯೋಚನೆ ಬರುತ್ತದೆ. ನಿಮಗೂ ಬಂದಿರುತ್ತದೆ, ನನಗೆ ಗೊತ್ತು.

ಅಪ್ಪ ಮಂಡಿಯೂರಿದರು. "ಇಲ್ಲಿ ಬಾ" ಎಂದರು. ಸ್ವೆಟ್‌ಶರ್ಟಿನ ಅಂಚನ್ನು ಎತ್ತಿ, ನಾನು ತೀರಾ ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ, ಒದ್ದೆ ತಲೆಯ ನನ್ನನ್ನು ಇಡಿಯಾಗಿ ಒಳಗೆ ಹಾಕಿಕೊಂಡರು.

ಒಳಗೆ ಕತ್ತಲೆ, ಬಿಸಿ. ಕಾಫಿಯ ವಾಸನೆ, ವಿಭೂತಿಯ ವಾಸನೆ, ಅದರಡಿಯಲ್ಲಿ ಅಪ್ಪನ ವಾಸನೆ. ಮೀಸೆ ನನ್ನ ಕಿವಿಗೆ ತಾಗಿತು. ಹಪ್ಪಳ ನನ್ನನ್ನು ಮೂಸುತ್ತಿತ್ತು, ಎಣ್ಣೆಯ ಕೂದಲನ್ನು, ಹಣೆಯನ್ನು, ಮಣ್ಣಾದ ಕೈಯನ್ನು. ಸೀನಿತು. ಮತ್ತೆ ಮೂಸಿತು. ಬಹಳ ಹೊತ್ತು ಹಾಗೇ. ನಾನು ಅಲುಗಾಡಲಿಲ್ಲ. ಆ ವರ್ಷ ನಾನು ಅಲುಗಾಡದೆ ಇದ್ದದ್ದು ಅದೇ ಮೊದಲಿರಬೇಕು. ಕೊನೆಗೆ ಅದು ತನ್ನ ಕೆನ್ನೆಯನ್ನು ನನ್ನ ಹುಬ್ಬಿಗೆ ಒಮ್ಮೆ ಉಜ್ಜಿತು, ಗುರುತಿಲ್ಲದವರಿಗೆ ಗುರುತು ಹಚ್ಚಿದ ಹಾಗೆ. 'ಚುಕ್' ಎಂದಿತೋ ಇಲ್ಲವೋ ತಿಳಿಯದು. ಅದರಾಚೆ ಅಪ್ಪನ ಎದೆ ಅಲುಗುತ್ತಿತ್ತು. ಅಪ್ಪ ನಗುತ್ತಿದ್ದರು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಅವಳು ಹೊರಗಿದ್ದಳು, ನಾನು ಒಳಗಿದ್ದೆ.

"ಅಷ್ಟು ಹೊತ್ತು ಅದರ ಹತ್ರ ಏನು ಮಾತಾಡ್ತೀಯ?" ಎಂದು ಒಳಗಿನಿಂದಲೇ ಕೇಳಿದೆ.

"ಏನೂ ಇಲ್ಲ. ಅದು ಮಲಗಿರುತ್ತೆ. ನಾನು ಕೂತಿರ್ತೀನಿ."

ಮೈಯಿಂದ ಸೀಗೆಯ ವಾಸನೆ ಹೋದ ಮೇಲೆ ಹಪ್ಪಳ ಸಂಜೆ ಹೊತ್ತು ಮತ್ತೆ ನನ್ನ ಎದೆಗೆ ಹಾರತೊಡಗಿತು. ಹಗಲು ಮಾತ್ರ ಕ್ಲಾಸಿಗೆ ಮುಂಚೆ ನಾನೇ ಚೀಲವನ್ನು ತೆಗೆದುಕೊಂಡು ಹೋಗಿ ಮುಂದಿನ ಕೋಣೆಯ ಬಾಗಿಲು ತಟ್ಟುತ್ತಿದ್ದೆ. ಅಪ್ಪ ಕಾಲ್‌ನಲ್ಲಿದ್ದರೂ ಬಾಗಿಲು ತೆರೆಯುತ್ತಿದ್ದರು. ಕೆಲವು ದಿನ ಕೊಡಲು ಮನಸ್ಸಿರುತ್ತಿರಲಿಲ್ಲ. ಆದರೂ ಕೊಟ್ಟೆ. ಒಂದೆರಡು ಸಲ ಕೊಡಲೂ ಇಲ್ಲ.

ಈಗ ನಿಮ್ಮ ಕಾಲ, ನನ್ನ ಮೊಮ್ಮಕ್ಕಳ ಕಾಲ. ನಿಮ್ಮ ಶಾಲೆ ಮನೆಯೊಳಗೆ ಬಂದು ಕೂರುವುದಿಲ್ಲ, ಊರಿನಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಮರುದಿನವೇ ಹೊರಡುತ್ತೀರಿ. ಅದು ನನಗೆ ಸಮಾಧಾನ. ನಿಮ್ಮ ಬಟ್ಟೆಗಳು ಎಷ್ಟು ದಿನ ಹಾಕಿದರೂ ಯಾವ ವಾಸನೆಯನ್ನೂ ಹಿಡಿಯುವುದಿಲ್ಲ, ಅದು ಮಾತ್ರ ನನಗೆ ರೂಢಿಯಾಗಿಲ್ಲ. ನಿಮ್ಮ ನಾಯಿಯ ಕೊರಳಪಟ್ಟಿ ಅದರ ಮನಸ್ಸಿನಲ್ಲಿರುವುದನ್ನು ಕನ್ನಡದಲ್ಲಿ ಹೇಳುತ್ತದೆ. ಹೊರಗೆ ಹೋಗಬೇಕು, ನೀರು ಬೇಕು, ಚೆಂಡು ಎಲ್ಲಿ. ಹಪ್ಪಳಕ್ಕೆ ಅಂಥ ಪಟ್ಟಿ ಇದ್ದಿದ್ದರೆ ಆ ಬೆಳಿಗ್ಗೆ ಏನು ಹೇಳುತ್ತಿತ್ತು ತಾತ, ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ನಾವು ಮರದ ಕೆಳಗೆ ನಿಂತಿರುತ್ತಿದ್ದೆವು.

ಮೊನ್ನೆ ಭಾನುವಾರ ನಿಮ್ಮ ಅಪ್ಪ ಯಾಕೋ ಯಾರ ಜೊತೆಯೂ ಮಾತಾಡದೆ ಕಿಟಕಿಯ ಬಳಿ ಕೂತಿದ್ದ. ನಿಮ್ಮ ನಾಯಿ ಹೋಗಿ ಅವನ ತೊಡೆಯ ಮೇಲೆ ತಲೆ ಇಟ್ಟಿತು. ಪಟ್ಟಿ "ಹಸಿವು" ಎಂದಿತು. ಅವನು ಎದ್ದು ಹೋಗಿ ಬಿಸ್ಕತ್ತು ತಂದು ಅದರ ಮೂಗಿನ ಕೆಳಗೆ ಇಟ್ಟ. ನೀವೆಲ್ಲ ಅಲ್ಲೇ ಇದ್ದಿರಿ, ನೋಡಿದಿರೋ ಇಲ್ಲವೋ. ನಾಯಿ ಬಿಸ್ಕತ್ತನ್ನು ಮುಟ್ಟಲಿಲ್ಲ. ಅವನು ಮತ್ತೆ ಕೂರುವುದನ್ನೇ ಕಾದಿದ್ದು, ತಲೆಯನ್ನು ಮತ್ತೆ ಅವನ ತೊಡೆಯ ಮೇಲೇ ಇಟ್ಟಿತು.